ಅಮೆರಿಕದ ಜನಪದ ಮತ್ತು ರೂಟ್ಸ್ ಸಂಗೀತ: ಹೊಸದಾಗಿ ಕೇಳುವವರಿಗೆ ಸಮಗ್ರ ಮಾರ್ಗದರ್ಶಿ

ಯಾವುದಾದರೂ ಮ್ಯೂಸಿಕ್ ಆ್ಯಪ್ ತೆರೆದು ‘ಅಮೆರಿಕನ್ ಫೋಕ್’ ಅಂತ ಹುಡುಕಿ ನೋಡಿ. ಪ್ಲೇಲಿಸ್ಟ್‌ಗಳು ರಾಶಿ ಬೀಳುತ್ತವೆ. ಒಂದು ಗಿಟಾರ್, ಒಂದು ಮೆತ್ತನೆ ದನಿ, ಹಿಂದೆಲ್ಲೋ ಪಿಟೀಲು. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಎಲ್ಲ ಒಂದೇ ಥರ ಅನ್ನಿಸಿ ಬೇಜಾರು ಬರುತ್ತದೆ. ಅದರಲ್ಲಿ ನಿಮ್ಮ ಕಿವಿಯ ತಪ್ಪೇನೂ ಇಲ್ಲ. ಆ ಪಟ್ಟಿಗಳನ್ನು ಮಳೆಗೆ, ಕಾಫಿಗೆ, ಕಾರ್ ಪಯಣಕ್ಕೆ ಅಂತ ಮೂಡ್ ನೋಡಿ ಜೋಡಿಸಿರುತ್ತಾರೆ. ಹಾಡಿದವರು ಯಾವ ಊರಿನವರು, ಯಾರಿಂದ ಕಲಿತರು ಅನ್ನೋದು ಅಲ್ಲಿ ಸಿಗುವುದಿಲ್ಲ. ಈ ಸಂಗೀತದ ಅರ್ಧ ರುಚಿ ಇರುವುದೇ ಆ ಪ್ರಶ್ನೆಯಲ್ಲಿ.

ಒಂದು ಉದಾಹರಣೆ ನಿಮಗೆ ಆಗಲೇ ಗೊತ್ತಿದೆ. ಶಾಲೆಯಲ್ಲಿ ‘ಹಮ್ ಹೋಂಗೇ ಕಾಮ್ಯಾಬ್’ ಹಾಡಿರುತ್ತೀರಿ, ಅಲ್ವಾ? ಅದು ‘ವಿ ಶಲ್ ಓವರ್‌ಕಮ್’ನ ಹಿಂದಿ ರೂಪ. ಇಂಗ್ಲಿಷ್ ಹಾಡನ್ನು ಊರೂರಿಗೆ ಒಯ್ದವರಲ್ಲಿ ಅಮೆರಿಕದ ಜನಪದ ಹಾಡುಗಾರ ಪೀಟ್ ಸೀಗರ್ ಒಬ್ಬರು. ಸೀಗರ್‌ಗೆ ಅದನ್ನು ಕಲಿಸಿದ್ದು ಕಾರ್ಮಿಕ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ, ಟೆನೆಸಿಯ ಹೈಲ್ಯಾಂಡರ್ ಫೋಕ್ ಸ್ಕೂಲ್‌ನ ಜಿಲ್ಫಿಯಾ ಹಾರ್ಟನ್. ಹಾರ್ಟನ್ ಕಲಿತದ್ದು ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ 1945–46ರಲ್ಲಿ ಮುಷ್ಕರ ಹೂಡಿದ್ದ ತಂಬಾಕು ಕಾರ್ಮಿಕ ಹೆಂಗಸರಿಂದ. ಆ ಹೆಂಗಸರಿಗೆ ಅದು ಬಂದದ್ದು ತಮ್ಮ ಚರ್ಚಿನಿಂದ. ಬೆಳಗಿನ ಪ್ರಾರ್ಥನೆಯಲ್ಲಿ ಸುಮ್ನೆ ಹಾಡಿ ಬಿಟ್ಟ ಹಾಡಿನ ಹಿಂದೆ ಇಷ್ಟು ಜನ ನಿಂತಿದ್ದಾರೆ.

ಮುಂದಿನ ಹೆಜ್ಜೆಗಳೆಲ್ಲ ಇದೇ ಸೂತ್ರದ ಮೇಲೆ ನಡೆಯುತ್ತವೆ. ಹಾಡು ಹಿಡಿಸಿದರೆ ‘ಇದೇ ಥರ ಇನ್ಯಾವುದಿದೆ’ ಅಂತ ಆ್ಯಪನ್ನು ಕೇಳಬೇಡಿ. ‘ಇವರಿಗೆ ಕಲಿಸಿದವರು ಯಾರು’ ಅಂತ ಹುಡುಕಿ.

ಹೆಜ್ಜೆ 1: ಒಬ್ಬರೇ ಹಾಡುಗಾರರು, ಒಂದೇ ಗಿಟಾರ್

ಬಾಬ್ ಡಿಲನ್‌ರಿಂದ ಶುರು ಮಾಡಬೇಡಿ. ತುಂಬಾ ಜನ ಹಾಗೇ ಮಾಡುತ್ತಾರೆ, ಮಾತಿನ ಮೋಡಿಗೆ ಬಿದ್ದು ಸಂಗೀತ ಕೇಳುವುದನ್ನೇ ಮರೆಯುತ್ತಾರೆ. ಎಲಿಜಬೆತ್ ಕಾಟನ್‌ರಿಂದ ಶುರು ಮಾಡಿ. 1958ರಲ್ಲಿ ಫೋಕ್‌ವೇಸ್ ಕಂಪನಿ ಹೊರತಂದ ಅವರ ಮೊದಲ ಆಲ್ಬಮ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಅದರಲ್ಲಿ ‘ಫ್ರೇಟ್ ಟ್ರೇನ್’ ಹುಡುಕಿ.

ಕಾಟನ್ ನಾರ್ತ್ ಕೆರೊಲಿನಾದವರು. ಎಡಗೈಯವರು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿ ಬದಲಿಸದೆ ನುಡಿಸಿದರು. ಹಾಗಾಗಿ ದಪ್ಪ ತಂತಿಗಳು ಕೆಳಗೆ ಬಂದವು, ಸಣ್ಣ ತಂತಿಗಳು ಮೇಲೆ ಹೋದವು. ಬೇರೆಯವರು ಹೆಬ್ಬೆರಳಲ್ಲಿ ನುಡಿಸುವ ಬಾಸನ್ನು, ಅಂದರೆ ದಪ್ಪ ತಂತಿಯ ತಗ್ಗು ಸ್ವರಗಳನ್ನು, ಇವರು ಬೆರಳಲ್ಲಿ ನುಡಿಸುತ್ತಾರೆ, ರಾಗವನ್ನು ಹೆಬ್ಬೆರಳಲ್ಲಿ. ‘ಫ್ರೇಟ್ ಟ್ರೇನ್’ ಕಟ್ಟಿದಾಗ ಅವರಿನ್ನೂ ಚಿಕ್ಕ ಹುಡುಗಿ. ಆಮೇಲೆ ಚರ್ಚಿನವರ ಮಾತಿಗೆ ಗಿಟಾರ್ ಬಿಟ್ಟು ದಶಕಗಳೇ ಕಳೆದವು. ವಾಷಿಂಗ್ಟನ್‌ನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡ ಒಂದು ಮಗುವನ್ನು ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್, ಪೀಟ್ ಸೀಗರ್‌ರ ಮಲತಂಗಿ. ಆ ಮನೆಗೇ ಕೆಲಸಕ್ಕೆ ಸೇರಿದರು. ಗೋಡೆಗೆ ನೇತುಹಾಕಿದ್ದ ಗಿಟಾರನ್ನು ಒಂದು ದಿನ ಇಳಿಸಿಕೊಂಡರು. ಮನೆಯವರಿಗೆ ಅಚ್ಚರಿ. ಕಾಟನ್‌ಗೆ ಗ್ರ್ಯಾಮಿ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು.

ಈಗ ಕೇಳುವ ಕೆಲಸ. ಹಾಡನ್ನು ಮೂರು ಸಲ ಹಾಕಿ. ಮೊದಲ ಸಲ ದಪ್ಪ ತಂತಿಯ ಸದ್ದನ್ನಷ್ಟೇ ಹಿಡಿಯಿರಿ. ಅದು ರೈಲಿನ ಲಯದಲ್ಲಿ ಒಂದು ತಂತಿಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಎರಡನೇ ಸಲ ಸಣ್ಣ ತಂತಿಯ ರಾಗ ಹಿಡಿಯಿರಿ. ಅದು ಬಾಸ್‌ನ ಪೆಟ್ಟಿಗೆ ಸರಿಯಾಗಿ ಕೂರದೆ, ಸ್ವಲ್ಪ ಮುಂಚೆ ಅಥವಾ ಎರಡು ಪೆಟ್ಟಿನ ನಡುವೆ ಬೀಳುತ್ತದೆ. ಮೂರನೇ ಸಲ ದನಿ. ಎಷ್ಟು ಸಾದಾ ಇದೆ ನೋಡಿ. ಸ್ಟುಡಿಯೊ ಇಲ್ಲ, ಮನೆಯಲ್ಲೇ ಪೆಗ್ಗಿಯ ಅಣ್ಣ ಮೈಕ್ ಸೀಗರ್ ರೆಕಾರ್ಡ್ ಮಾಡಿದ್ದು. ಎರಡು ಗಿಟಾರ್ ಇವೆ ಅನ್ನಿಸಿದ್ದು ಒಂದೇ ಅಂತ ಕಿವಿಗೆ ಖಾತ್ರಿಯಾದ ದಿನ ಈ ಹೆಜ್ಜೆ ಮುಗಿಯಿತು.

ಹೆಜ್ಜೆ 2: ಹಳೆಯ ಗ್ರಾಮಫೋನ್ ತಟ್ಟೆಯ ಗರಗರ ಸದ್ದಿಗೆ ಕಿವಿ ಒಗ್ಗಿಸಿ

ಈ ಹೆಜ್ಜೆಯಲ್ಲೇ ಜಾಸ್ತಿ ಜನ ಕೈಬಿಡುವುದು. 1920ರ ದಶಕದ ರೆಕಾರ್ಡುಗಳಲ್ಲಿ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ನಿರಂತರವಾಗಿ ಇರುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಅದೇ ಎದ್ದು ಕೇಳುತ್ತದೆ. ಅದರ ಬದಲು ಸಾಧಾರಣ ಸ್ಪೀಕರ್‌ನಲ್ಲಿ, ಕಡಿಮೆ ದನಿಯಲ್ಲಿ ಹಾಕಿ. ಒಂದು ಸಲಕ್ಕೆ ನಾಲ್ಕೈದು ಹಾಡು ಸಾಕು. ಒಂದೇ ಹಾಡಿನ ಬೇರೆ ಬೇರೆ ಅಪ್‌ಲೋಡ್ ಇದ್ದರೆ ಹೋಲಿಸಿ ನೋಡಿ, ತಟ್ಟೆಯಿಂದ ಡಿಜಿಟಲ್‌ಗೆ ಇಳಿಸಿದವರ ಕೈಚಳಕದಲ್ಲಿ ಅಜಗಜಾಂತರ ವ್ಯತ್ಯಾಸ ಇರುತ್ತದೆ. ಇನ್ನೊಂದು ವಿಷಯ: 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ಉದ್ದದ ಕಥನಗೀತೆಗಳನ್ನು ಕತ್ತರಿಸಿ ಹಾಡುತ್ತಿದ್ದರು. ಕಥೆ ನಡುವೆ ಹಾರಿದಂತೆ ಕಂಡರೆ ಕಾರಣ ಅದೂ ಇರಬಹುದು.

1927ರ ಬ್ರಿಸ್ಟಲ್‌ನಿಂದ ಶುರು ಮಾಡಿ. ಈ ಊರಿನ ಮುಖ್ಯ ರಸ್ತೆಯ ಒಂದು ಬದಿ ಟೆನೆಸಿ, ಇನ್ನೊಂದು ಬದಿ ವರ್ಜೀನಿಯಾ. ಆ ವರ್ಷ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಯಂತ್ರಗಳನ್ನು ಹೊತ್ತು ತಂದು ಅಲ್ಲಿ ಬಿಡಾರ ಹೂಡಿದರು. ಆಗಸ್ಟ್ 1ರಂದು ಕಾರ್ಟರ್ ಕುಟುಂಬ ಬಂತು: ಎ. ಪಿ. ಕಾರ್ಟರ್, ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿ ಮೇಬೆಲ್. ಆಗಸ್ಟ್ 4ರಂದು ಜಿಮ್ಮಿ ರಾಜರ್ಸ್ ಬಂದರು, ರೈಲ್ವೆಯಲ್ಲಿ ದುಡಿದವರು, ಕ್ಷಯ ಹಿಡಿದು 1933ರಲ್ಲೇ ತೀರಿಕೊಂಡರು. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನಿಂದ ಬೆಳೆದ ಜನಪ್ರಿಯ ಸಂಗೀತದ ಎರಡು ದೊಡ್ಡ ಹೆಸರು ಒಂದೇ ವಾರದಲ್ಲಿ ಮೈಕಿನ ಮುಂದೆ ನಿಂತವು.

ಕಾರ್ಟರ್‌ಗಳನ್ನು ಕೇಳುವಾಗ ಮೇಬೆಲ್‌ರ ಗಿಟಾರ್ ಗಮನಿಸಿ. ಅಲ್ಲಿ ರಾಗ ನಡೆಯುವುದು ದಪ್ಪ ತಂತಿಗಳ ಮೇಲೆ, ಹೆಬ್ಬೆರಳಿನಿಂದ. ಉಳಿದ ಬೆರಳು ಸಣ್ಣ ತಂತಿಗಳನ್ನು ಸವರಿ ತಾಳ ಹಾಕುತ್ತದೆ. ಅಲ್ಲಿಯವರೆಗೆ ಹಾಡಿನ ಹಿಂದೆ ಸುಮ್ಮನೆ ನಿಲ್ಲುತ್ತಿದ್ದ ಗಿಟಾರ್ ಇಲ್ಲಿ ತಾನೇ ಹಾಡುತ್ತದೆ. ನಂತರ ಬಂದ ಕಂಟ್ರಿ, ಫೋಕ್ ಗಿಟಾರಿಸ್ಟರಲ್ಲಿ ಈ ಕೈಗೆ ಸಾಲ ಇಲ್ಲದವರು ಕಡಿಮೆ.

ಕಿವಿ ಒಗ್ಗಿದ ಮೇಲೆ ಹ್ಯಾರಿ ಸ್ಮಿತ್ ಸಂಗ್ರಹಕ್ಕೆ ಹೋಗಿ. ಹಳೇ ತಟ್ಟೆಗಳನ್ನು ಗುಡ್ಡೆ ಹಾಕುತ್ತಿದ್ದ ಈ ಮನುಷ್ಯ 1952ರಲ್ಲಿ 84 ಹಾಡು ಆರಿಸಿ ‘ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’ ಅಂತ ಫೋಕ್‌ವೇಸ್ ಮೂಲಕ ಹೊರತಂದರು. ಕಥನಗೀತೆಗಳು, ಕುಣಿತ ಮತ್ತು ಚರ್ಚಿನ ಸಂಗೀತ, ಬಿಡಿ ಹಾಡುಗಳು ಅಂತ ಮೂರು ಭಾಗ. ಜೊತೆಗಿದ್ದ ಪುಸ್ತಿಕೆಯಲ್ಲಿ ಕಥನಗೀತೆಗಳ ಕಥೆಯನ್ನು ಪೇಪರ್ ತಲೆಬರಹದ ಧಾಟಿಯಲ್ಲಿ ಬರೆದಿದ್ದಾರೆ, ಓದಿದರೆ ನಗು ಬರುತ್ತದೆ. ಹಾಡಿದವರು ಕಪ್ಪು ಜನರೋ ಬಿಳಿಯರೋ ಅಂತ ಎಲ್ಲೂ ಹೇಳಿಲ್ಲ. ಬೇಕಂತಲೇ ಬಿಟ್ಟದ್ದು. ಕೇಳಿದವರು ಎಷ್ಟೋ ವರ್ಷ ಮಿಸಿಸಿಪ್ಪಿ ಜಾನ್ ಹರ್ಟ್‌ರನ್ನು ಬಿಳಿಯ ಗುಡ್ಡಗಾಡಿನವರು ಅಂದುಕೊಂಡಿದ್ದರು. ನನ್ನ ಮಾತು ಕೇಳುವುದಾದರೆ ಎರಡನೇ ಭಾಗದಿಂದ ಶುರು ಮಾಡಿ. ಕುಣಿತದ ಲಯಕ್ಕೆ ಇಂಗ್ಲಿಷ್ ಉಚ್ಚಾರದ ತೊಡಕಿಲ್ಲ.

ಹೆಜ್ಜೆ 3: ಅಂಗಡಿಯ ಚೀಟಿಗಳನ್ನು ಕಿತ್ತು ನೋಡಿ

ಬ್ಲೂಸ್ (ದಕ್ಷಿಣದ ಕಪ್ಪು ಜನರ ನೋವು-ನಲಿವಿನ ಹಾಡು), ಕಂಟ್ರಿ, ಓಲ್ಡ್ ಟೈಮ್, ಬ್ಲೂಗ್ರಾಸ್, ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ). ಹೆಸರುಗಳು ಬೇಕು, ಇಲ್ಲದಿದ್ದರೆ ಹುಡುಕುವುದು ಕಷ್ಟ. ಆದರೆ ಇವುಗಳಲ್ಲಿ ಕೆಲವು ಗೋಡೆಗಳನ್ನು ಕಟ್ಟಿದ್ದು ರೆಕಾರ್ಡ್ ಕಂಪನಿಗಳು. 1920ರ ದಶಕದಲ್ಲಿ ಕಪ್ಪು ಜನರ ತಟ್ಟೆಗಳಿಗೆ ‘ರೇಸ್ ರೆಕಾರ್ಡ್ಸ್’, ಬಿಳಿಯ ಹಳ್ಳಿಗರ ತಟ್ಟೆಗಳಿಗೆ ‘ಹಿಲ್‌ಬಿಲಿ’ ಅಂತ ಬೇರೆ ಬೇರೆ ಕ್ಯಾಟಲಾಗ್ ಮಾಡಿ ಮಾರಿದರು. ನುಡಿಸುವವರು ಮಾತ್ರ ಒಬ್ಬರಿಂದೊಬ್ಬರು ಕಲಿಯುತ್ತಲೇ ಇದ್ದರು.

ಎ. ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ಅಲೆಯುವಾಗ ಜೊತೆಗೆ ಲೆಸ್ಲಿ ರಿಡಲ್ ಅನ್ನುವ ಕಪ್ಪು ಗಿಟಾರಿಸ್ಟ್ ಇರುತ್ತಿದ್ದರು. ಎ. ಪಿ. ಸಾಹಿತ್ಯ ಬರೆದುಕೊಳ್ಳುವುದು, ರಿಡಲ್ ಧಾಟಿಯನ್ನು ತಲೆಯಲ್ಲಿಟ್ಟುಕೊಳ್ಳುವುದು. ‘ಬಿಳಿಯರ’ ಸಂಗೀತ ಅಂತ ಮಾರಾಟವಾದ ಎಷ್ಟೋ ಹಾಡು ಹೀಗೆ ಬಂದವು. ಜಿಮ್ಮಿ ರಾಜರ್ಸ್ 1930ರಲ್ಲಿ ‘ಬ್ಲೂ ಯೋಡೆಲ್ ನಂಬರ್ 9’ ಹಾಡಿದಾಗ ಟ್ರಂಪೆಟ್ ಊದಿದ್ದು ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಕಂಟ್ರಿಯ ಹೆಸರಾಂತ ಹಾಡುಗಾರ ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಪಾಠ ಹೇಳಿದ್ದು ರೂಫಸ್ ಪೇಯ್ನ್ ಅನ್ನುವ ಕಪ್ಪು ಬೀದಿ ಹಾಡುಗಾರ.

ಬ್ಯಾಂಜೊ ಕಥೆಯಂತೂ ಪೂರಾ ಉಲ್ಟಾ. ಇವತ್ತು ಅದನ್ನು ಬಿಳಿಯ ಗುಡ್ಡಗಾಡಿನವರ ವಾದ್ಯ ಅಂತಲೇ ಅಂದುಕೊಳ್ಳುತ್ತಾರೆ. ಅದರ ಮೂಲ ಪಶ್ಚಿಮ ಆಫ್ರಿಕದ ಬುರುಡೆ ವಾದ್ಯಗಳು. ಗುಲಾಮರಾಗಿ ಬಂದವರು ಕೆರಿಬಿಯನ್ ದ್ವೀಪಗಳಲ್ಲೂ ಅಮೆರಿಕದಲ್ಲೂ ಸೋರೆಬುರುಡೆಗೆ ಚರ್ಮ ಬಿಗಿದು ಇದನ್ನು ಮಾಡಿಕೊಂಡರು. ಐದು ತಂತಿಯ ಬ್ಯಾಂಜೊದಲ್ಲಿ ಐದನೆಯದು ಗಿಡ್ಡ ತಂತಿ. ಹೆಬ್ಬೆರಳು ಅದನ್ನು ಆಗಾಗ ಮೀಟುತ್ತಲೇ ಇರುತ್ತದೆ, ಸ್ವರ ಬದಲಾಗುವುದಿಲ್ಲ. ತಂಬೂರಿ ಪದ ಕೇಳಿ ಬೆಳೆದ ಕಿವಿಗೆ ಆ ಶ್ರುತಿ ಹಿಡಿದ ತಂತಿ ಬೇಗ ಒಲಿಯುತ್ತದೆ.

ಓಲ್ಡ್ ಟೈಮ್ ಯಾವುದು, ಬ್ಲೂಗ್ರಾಸ್ ಯಾವುದು ಅಂತ ಕಿವಿಯಲ್ಲೇ ಗುರುತಿಸಬಹುದು. ಓಲ್ಡ್ ಟೈಮ್ ಕುಣಿತಕ್ಕೆ ನುಡಿಸಿದ್ದು. ಪಿಟೀಲು, ಬ್ಯಾಂಜೊ ಎಲ್ಲ ಸೇರಿ ಒಂದೇ ಧಾಟಿಯನ್ನು ಸುತ್ತಿ ಸುತ್ತಿ ನುಡಿಸುತ್ತವೆ, ಯಾರೂ ಒಬ್ಬರೇ ಮೆರೆಯುವುದಿಲ್ಲ. ಬ್ಯಾಂಜೊವನ್ನು ಉಗುರಿನಿಂದ ಕೆಳಮುಖವಾಗಿ ಹೊಡೆಯುತ್ತಾರೆ. ಬ್ಲೂಗ್ರಾಸ್ ವೇದಿಕೆಗೆ ಕಟ್ಟಿದ್ದು. ಕೆಂಟಕಿಯ ಬಿಲ್ ಮನ್ರೋ ತಂಡಕ್ಕೆ 1945ರ ಡಿಸೆಂಬರ್‌ನಲ್ಲಿ ಅರ್ಲ್ ಸ್ಕ್ರಗ್ಸ್ ಸೇರಿದ ಮೇಲೆ ಅದಕ್ಕೆ ಈಗಿನ ರೂಪ ಬಂತು. ಸ್ಕ್ರಗ್ಸ್ ಮೂರು ಬೆರಳಲ್ಲಿ ಬ್ಯಾಂಜೊ ಮೀಟಿದರೆ ಸ್ವರಗಳು ಸರಸರ ಉದುರುತ್ತವೆ. ಇಲ್ಲಿ ವಾದ್ಯಗಳು ಸರದಿಯ ಮೇಲೆ ಮುಂದೆ ಬಂದು ನುಡಿಸುತ್ತವೆ. ಡ್ರಮ್ ಇರುವುದಿಲ್ಲ, ಆದರೂ ತಾಳ ಗಟ್ಟಿ. ಹೇಗೆ? ಮ್ಯಾಂಡೊಲಿನ್ ಅಂದ ತಕ್ಷಣ ನಮಗೆ ಯು. ಶ್ರೀನಿವಾಸ್ ನೆನಪಾಗುತ್ತಾರೆ. ಬ್ಲೂಗ್ರಾಸ್‌ನಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ತಂತಿ ಒತ್ತಿ, ಹೊಡೆದು, ತಕ್ಷಣ ಬೆರಳು ಸಡಿಲಿಸಿದರೆ ‘ಚಕ್’ ಅಂತ ಚಿಕ್ಕ ಸದ್ದು. ಬಾಸ್ ‘ದುಂ’ ಅಂದರೆ ಮ್ಯಾಂಡೊಲಿನ್ ‘ಚಕ್’. ಆ ದುಂ-ಚಕ್ ಕಿವಿಗೆ ಸಿಕ್ಕಿದರೆ ಬ್ಲೂಗ್ರಾಸ್ ಸಿಕ್ಕಿದ ಹಾಗೆ.

ಬ್ಲೂಸ್‌ಗೆ ರಾಬರ್ಟ್ ಜಾನ್ಸನ್ ಕೇಳಿ. 1936 ಮತ್ತು 1937ರಲ್ಲಿ ಟೆಕ್ಸಾಸ್‌ನಲ್ಲಿ 29 ಹಾಡು ರೆಕಾರ್ಡ್ ಮಾಡಿ, 1938ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ನಡುರಾತ್ರಿ ಕೂಡುರಸ್ತೆಯಲ್ಲಿ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತರು ಅನ್ನುವ ಕಥೆ ಎಲ್ಲ ಕಡೆ ಸಿಗುತ್ತದೆ. ನನಗೆ ಆ ಕಥೆ ಕಂಡರಾಗದು. ಎದುರು ಕೂತು ಕಲಿತ ಸನ್ ಹೌಸ್‌ರಂಥ ಹಿರಿಯರನ್ನು ಅದು ಅಳಿಸಿಬಿಡುತ್ತದೆ. ಸನ್ ಹೌಸ್ ಹಾಡುಗಳೂ ಸಿಗುತ್ತವೆ, ಅವನ್ನು ಪಕ್ಕದಲ್ಲಿಟ್ಟು ಕೇಳಿ.

ಲೂಯಿಸಿಯಾನದ ಕೇಜನ್ ಮತ್ತು ಜೈಡೆಕೊ, ಟೆಕ್ಸಾಸ್‌ನ ಕೊಂಹುಂಟೊ ಇವೆಲ್ಲ ಅಕಾರ್ಡಿಯನ್ ಲೋಕ. ಭಾಷೆ ಫ್ರೆಂಚ್, ಸ್ಪ್ಯಾನಿಷ್. ಕ್ಲಿಫ್ಟನ್ ಶೆನಿಯೇ, ಫ್ಲಾಕೊ ಹಿಮೆನೆಸ್ ಈ ಎರಡು ಹೆಸರು ಬರೆದಿಟ್ಟುಕೊಂಡರೆ ಸದ್ಯಕ್ಕೆ ಸಾಕು.

ಹೆಜ್ಜೆ 4: ಒಂದೇ ಹಾಡನ್ನು ನಾಲ್ಕು ದನಿಯಲ್ಲಿ ಕೇಳಿ

‘ಹೌಸ್ ಆಫ್ ದಿ ರೈಸಿಂಗ್ ಸನ್’ ತಗೊಳ್ಳಿ. ಇಂಗ್ಲೆಂಡಿನ ಆ್ಯನಿಮಲ್ಸ್ ತಂಡದ 1964ರ ಹಾಡು ನೀವು ಕೇಳಿರಬಹುದು, ಎಲೆಕ್ಟ್ರಿಕ್ ಗಿಟಾರ್ ಮತ್ತು ಆರ್ಗನ್ ಇರುವುದು. ಅಲ್ಲಿಂದ ಹಿಂದಕ್ಕೆ ನಡೆಯಿರಿ. 1962ರಲ್ಲಿ ಡಿಲನ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಹಾಡಿದರು, ಗೆಳೆಯ ಡೇವ್ ವ್ಯಾನ್ ರಾಂಕ್ ಜೋಡಿಸಿದ್ದ ರೀತಿಯಲ್ಲಿ. ಇನ್ನೂ ಹಿಂದೆ, 1937ರಲ್ಲಿ ಕೆಂಟಕಿಯ ಮಿಡಲ್ಸ್‌ಬರೋದಲ್ಲಿ ಗಣಿ ಕಾರ್ಮಿಕರ ಮನೆಯ 16 ವರ್ಷದ ಹುಡುಗಿ ಜಾರ್ಜಿಯಾ ಟರ್ನರ್ ಇದನ್ನು ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್‌ರ ಯಂತ್ರದ ಮುಂದೆ ಹಾಡಿದಳು. ಅದಕ್ಕೂ ಮುಂಚೆ, 1933ರಲ್ಲಿ, ಕ್ಲಾರೆನ್ಸ್ ಆ್ಯಶ್ಲಿ ತಟ್ಟೆಗೆ ಹಾಡಿದ್ದರು.

ಪ್ರತಿ ಸಲ ಕೇಳಿಕೊಳ್ಳಬೇಕಾದ್ದು ಒಂದೇ: ಕಥೆ ಹೇಳುತ್ತಿರುವವರು ಗಂಡೋ ಹೆಣ್ಣೋ? ಟರ್ನರ್ ಹಾಡಿದ್ದು ಹೆಣ್ಣಿನ ಕಥೆ. ಡಿಲನ್ ಗಂಡಸಾದರೂ ಹೆಣ್ಣಿನ ಮಾತನ್ನೇ ಉಳಿಸಿಕೊಂಡರು. ಆ್ಯನಿಮಲ್ಸ್ ಅದನ್ನು ಹುಡುಗನ ಕಥೆ ಮಾಡಿದರು. ಒಂದು ಪದ ಬದಲಾದರೆ ಹಾಡಿನ ನೋವೇ ಬೇರೆ ಆಗುತ್ತದೆ. ಟರ್ನರ್ ದನಿ ನಾಲ್ಕರಲ್ಲಿ ಅತಿ ಸಾದಾ. ಎರಡನೇ ಸುತ್ತಿನಲ್ಲಿ ನಾನು ಮರಳಿ ಹಾಕಿಕೊಳ್ಳುವುದು ಅದನ್ನೇ.

ಇದೇ ಆಟವನ್ನು ‘ಟಾಮ್ ಡೂಲಿ’ ಜೊತೆಗೂ ಆಡಬಹುದು. ನಾರ್ತ್ ಕೆರೊಲಿನಾದ ಟಾಮ್ ಡ್ಯೂಲಾ ಅನ್ನುವವನನ್ನು ಕೊಲೆ ಆರೋಪದ ಮೇಲೆ 1868ರಲ್ಲಿ ಗಲ್ಲಿಗೇರಿಸಿದರು. ಕಿಂಗ್‌ಸ್ಟನ್ ಟ್ರಯೊ 1958ರಲ್ಲಿ ಹಾಡಿ ದೇಶಕ್ಕೆಲ್ಲ ಹಬ್ಬಿಸಿತು, ನನ್ನ ರುಚಿಗೆ ಅದು ತೀರಾ ನಯ. 1929ರ ಗ್ರೇಸನ್ ಮತ್ತು ವಿಟರ್ ತಟ್ಟೆ ಹುಡುಕಿ.

ಹೆಜ್ಜೆ 5: ಹಾಡಿನೊಳಗಿನ ಸುಳಿವು ಹಿಡಿದು ಹೋಗಿ

1928ರಲ್ಲಿ ಮಿಸಿಸಿಪ್ಪಿ ಜಾನ್ ಹರ್ಟ್ ಕೆಲವು ತಟ್ಟೆ ಮಾಡಿದರು. ಮಾರಾಟ ಅಷ್ಟಕ್ಕಷ್ಟೇ. ಊರಿಗೆ ಹೋಗಿ ಬೇಸಾಯದ ಕೆಲಸಕ್ಕೆ ಇಳಿದರು. ಮೂವತ್ತಕ್ಕೂ ಹೆಚ್ಚು ವರ್ಷ ಯಾರಿಗೂ ಸುದ್ದಿಯಿಲ್ಲ. ಅವರ ಒಂದು ಹಾಡಿನಲ್ಲಿ ‘ಆ್ಯವಲಾನ್ ನನ್ನ ಊರು’ ಅನ್ನುವ ಅರ್ಥದ ಸಾಲಿದೆ. ಟಾಮ್ ಹಾಸ್ಕಿನ್ಸ್ ಅನ್ನುವ ಯುವಕ ಹಳೇ ಭೂಪಟದಲ್ಲಿ ಆ ಊರನ್ನು ಹುಡುಕಿ 1963ರಲ್ಲಿ ಅಲ್ಲಿಗೆ ಹೋದರೆ, ಹರ್ಟ್ ಅಲ್ಲೇ ಇದ್ದರು. ಅದೇ ವರ್ಷ ನ್ಯೂಪೋರ್ಟ್ ಫೋಕ್ ಉತ್ಸವದಲ್ಲಿ ಹಾಡಿದರು. 1928ರ ತಟ್ಟೆ, 1960ರ ದಶಕದ ರೆಕಾರ್ಡಿಂಗ್ ಎರಡನ್ನೂ ಕೇಳಿ. ಹೆಬ್ಬೆರಳಿನ ನಡೆ ಹಾಗೇ ಇದೆ.

ಇಂಥ ಸುಳಿವು ಎಲ್ಲಿ ಸಿಗುತ್ತದೆ? ಸ್ಮಿತ್‌ಸೋನಿಯನ್ ಸಂಸ್ಥೆ 1987ರಲ್ಲಿ ಫೋಕ್‌ವೇಸನ್ನು ವಹಿಸಿಕೊಂಡಿತು. ಅವರ ವೆಬ್‌ಸೈಟಿನಲ್ಲಿ ಆಲ್ಬಮ್‌ಗಳ ಜೊತೆಗಿನ ಟಿಪ್ಪಣಿ ಪುಸ್ತಿಕೆಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಹಾಡು ಹಾಕುವ ಮುಂಚೆ ಅದನ್ನು ಓದಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಜನಪದ ಸಂಗ್ರಹ ಮತ್ತು ಲೋಮ್ಯಾಕ್ಸ್ ಡಿಜಿಟಲ್ ಆರ್ಕೈವ್ ಕೂಡ ಪುಕ್ಕಟೆ. ಲೋಮ್ಯಾಕ್ಸ್ 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನಲ್ಲಿ ಕೈದಿಗಳು ಕೊಡಲಿ ಏಟಿನ ತಾಳಕ್ಕೆ ಹಾಡಿದ್ದನ್ನು ರೆಕಾರ್ಡ್ ಮಾಡಿದ್ದರು. ಮುಂದಾಳು ಜೇಮ್ಸ್ ಕಾರ್ಟರ್. ಅದು 2000ನೇ ಇಸವಿಯ ‘ಓ ಬ್ರದರ್, ವೇರ್ ಆರ್ಟ್ ದೌ’ ಸಿನಿಮಾದಲ್ಲಿ ಬಂತು, ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಕಾರ್ಟರ್‌ರನ್ನು ಶಿಕಾಗೋದಲ್ಲಿ ಪತ್ತೆ ಮಾಡಿ 20,000 ಡಾಲರ್ ಚೆಕ್ ಕೊಟ್ಟರು. ಅದನ್ನು ಹಾಡಿದ್ದು ಅವರಿಗೇ ಮರೆತುಹೋಗಿತ್ತು.

ಹೆಜ್ಜೆ 6: ಮಾತು ಅರ್ಥವಾಗದಿದ್ದರೆ, ಮಾತಿಲ್ಲದ್ದನ್ನು ಕೇಳಿ

ದಕ್ಷಿಣದ ಉಚ್ಚಾರ, ಹಳೇ ತಟ್ಟೆ, ಊರಿನ ಹೆಸರುಗಳು. ಸಾಹಿತ್ಯ ಪೂರ್ತಿ ತಿಳಿಯುವುದಿಲ್ಲ. ಆಗ ಬ್ಲೈಂಡ್ ವಿಲ್ಲಿ ಜಾನ್ಸನ್ 1927ರ ಡಿಸೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ನುಡಿಸಿದ ‘ಡಾರ್ಕ್ ವಾಸ್ ದ ನೈಟ್’ ಹಾಕಿ. ಪದಗಳೇ ಇಲ್ಲ. ಗುನುಗು, ನರಳಿಕೆ, ಅದಕ್ಕೆ ಉತ್ತರ ಕೊಡುವ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಗಾಜು ಅಥವಾ ಲೋಹದ ತುಂಡು ಜಾರಿಸಿ ನುಡಿಸುವುದು). ದನಿ ಅರ್ಧಕ್ಕೆ ಬಿಟ್ಟದ್ದನ್ನು ತಂತಿ ಜಾರುತ್ತಾ ಮುಗಿಸುತ್ತದೆ. 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಇದನ್ನೂ ಇಟ್ಟು ಬಾಹ್ಯಾಕಾಶಕ್ಕೆ ಕಳಿಸಿದರು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರಕರ್ ಹಾಡಿದ ಭೈರವಿಯೂ ಇದೆ. ಮಲ್ಲಿಕಾರ್ಜುನ ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯವರೇ ಕೇಸರಬಾಯಿ.

ಇಲ್ಲಿಂದ ಒಂದು ದಾರಿ ನಮ್ಮ ಕಡೆಗೇ ಬರುತ್ತದೆ. ಕ್ಯಾಲಿಫೋರ್ನಿಯಾದ ಗಿಟಾರಿಸ್ಟ್ ರೈ ಕೂಡರ್ 1984ರ ‘ಪ್ಯಾರಿಸ್, ಟೆಕ್ಸಾಸ್’ ಸಿನಿಮಾದ ಸಂಗೀತವನ್ನು ಜಾನ್ಸನ್‌ರ ಇದೇ ಧಾಟಿಯ ಮೇಲೆ ಕಟ್ಟಿದರು. ಅದೇ ಕೂಡರ್ ಮೋಹನ ವೀಣೆಯ ವಿಶ್ವಮೋಹನ ಭಟ್‌ರ ಜೊತೆ ಕೂತು ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ 1993ರಲ್ಲಿ ಬಂತು, ಗ್ರ್ಯಾಮಿಯೂ ಪಡೆಯಿತು. ಹಿಂದೂಸ್ತಾನಿ ಕೇಳುವ ಅಭ್ಯಾಸ ಇರುವವರು ಬೇಕಿದ್ದರೆ ಈ ಮೂರನ್ನು ತಿರುವುಮುರುವಾಗಿ ಕೇಳಿ: ಮೊದಲು ಭಟ್, ಆಮೇಲೆ ಕೂಡರ್, ಕೊನೆಗೆ ಜಾನ್ಸನ್.

ಹೆಜ್ಜೆ 7: ಈಗಿನವರನ್ನು ಕೇಳಿ

ಇದು ಮ್ಯೂಸಿಯಂ ಸಂಗೀತ ಅಲ್ಲ. ರಿಯಾನನ್ ಗಿಡನ್ಸ್ ಮತ್ತು ಗೆಳೆಯರು ನಾರ್ತ್ ಕೆರೊಲಿನಾದ ಹಿರಿಯ ಕಪ್ಪು ಪಿಟೀಲುಗಾರ ಜೋ ಥಾಂಪ್ಸನ್‌ರ ಮನೆಗೆ ಹೋಗಿ, ಎದುರು ಕೂತು ಕಲಿತು ‘ಕೆರೊಲಿನಾ ಚಾಕಲೇಟ್ ಡ್ರಾಪ್ಸ್’ ತಂಡ ಕಟ್ಟಿದರು. 2024ರಲ್ಲಿ ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಶುರುವಿನಲ್ಲಿ ಕೇಳುವ ಬ್ಯಾಂಜೊ ಗಿಡನ್ಸ್‌ರದೇ. ಗಿಟಾರ್ ವೇಗ ಇಷ್ಟವಾದರೆ ಮಾಲಿ ಟಟ್ಲ್, ಬಿಲ್ಲಿ ಸ್ಟ್ರಿಂಗ್ಸ್ ಕೇಳಿ. ಆಮೇಲೆ ಇಬ್ಬರನ್ನೂ ಬಿಟ್ಟು ಹಿಂದೆ ಡಾಕ್ ವಾಟ್ಸನ್‌ಗೆ ಹೋಗಿ. ಪಿಟೀಲಿನ ಧಾಟಿಗಳನ್ನು ಗಿಟಾರ್ ಮೇಲೆ ಅಷ್ಟು ಸ್ವಚ್ಛವಾಗಿ ಇಳಿಸಿದ, ಕಣ್ಣಿಲ್ಲದ ಆ ಮನುಷ್ಯನ ಬಲಗೈ ಕೇಳಿದ ಮೇಲೆ ಉಳಿದವರ ಲೆಕ್ಕ ಸಿಗುತ್ತದೆ.

ಹೆಜ್ಜೆ 8: ಲೈವ್ ಕೇಳಿ, ಸುತ್ತಿನಲ್ಲಿ ಕೂರಿ

ಕರ್ನಾಟಕದಲ್ಲಿ ಇರುವವರಿಗೆ ರೇಡಿಯೊ ಇದೆ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಕೇಂದ್ರ 1925ರಿಂದ ನಡೆಸುತ್ತಿರುವ ಕಂಟ್ರಿ ಸಂಗೀತದ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಓಪ್ರಿ’ ಆನ್‌ಲೈನ್‌ನಲ್ಲಿ ಬರುತ್ತದೆ. ಅಲ್ಲಿನ ಶನಿವಾರ ಸಂಜೆ 7 ಅಂದರೆ ನಮಗೆ ಭಾನುವಾರ ಬೆಳಿಗ್ಗೆ 5:30, ಅಲ್ಲಿ ಚಳಿಗಾಲವಾದರೆ 6:30. ಇವತ್ತಿನ ಓಪ್ರಿಯಲ್ಲಿ ಪಾಪ್ ಕಂಟ್ರಿಯೂ ಜಾಸ್ತಿ. ಸಹಿಸಿಕೊಳ್ಳಿ, ನಡುವೆ ಬ್ಲೂಗ್ರಾಸ್ ಬಂದೇ ಬರುತ್ತದೆ.

ಅಮೆರಿಕದಲ್ಲಿ ಇರುವ ಕನ್ನಡಿಗರು ಮನೆಯಲ್ಲಿ ಕೂತು ಕೇಳಬೇಕಿಲ್ಲ. ಬೇ ಏರಿಯಾದವರಿಗೆ ಬರ್ಕ್ಲಿಯ ಸಂಗೀತ ಸಭಾಂಗಣ ‘ಫ್ರೇಟ್ ಅಂಡ್ ಸಾಲ್ವೇಜ್’ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಶರತ್ಕಾಲಕ್ಕೆ ನಡೆಯುವ ‘ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್’ಗೆ ಟಿಕೆಟ್ಟೇ ಇಲ್ಲ. ಶಿಕಾಗೋದಲ್ಲಿ ‘ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್’, ಬಾಸ್ಟನ್ ಕಡೆ ‘ಕ್ಲಬ್ ಪಾಸಿಮ್’. ರಜೆ ಸಿಕ್ಕರೆ ಕಾರ್ ಹತ್ತಿ ವರ್ಜೀನಿಯಾದ ಹಿಲ್ಟನ್ಸ್‌ಗೆ ಹೋಗಿ. ಅಲ್ಲಿನ ‘ಕಾರ್ಟರ್ ಫ್ಯಾಮಿಲಿ ಫೋಲ್ಡ್’ನಲ್ಲಿ ಶನಿವಾರ ರಾತ್ರಿ ಸಂಗೀತ, ಕುಣಿತ. ವಿದ್ಯುತ್ ವಾದ್ಯ ಇಲ್ಲ, ಮದ್ಯ ಇಲ್ಲ. ಮೇಬೆಲ್‌ರ ಅಳಿಯ ಜಾನಿ ಕ್ಯಾಶ್ ಕೊನೆಯ ಸಲ ಹಾಡಿದ್ದು ಇಲ್ಲೇ, 2003ರ ಜುಲೈನಲ್ಲಿ. ಬ್ರಿಸ್ಟಲ್‌ನ ಮ್ಯೂಸಿಯಂ ಅಲ್ಲಿಂದ ಹತ್ತಿರ.

ವಾದ್ಯ ಕಲಿಯುವ ಆಸೆ ಇದ್ದರೆ ಜ್ಯಾಮ್‌ಗೆ ಹೋಗಿ. ಮನೆ, ಕಾಫಿ ಅಂಗಡಿ, ಪಾರ್ಕ್, ಎಲ್ಲಾದರೂ ಸುತ್ತಾಗಿ ಕೂತು ನುಡಿಸುತ್ತಾರೆ. ಮೊದಲ ಸಲ ವಾದ್ಯವನ್ನು ಪೆಟ್ಟಿಗೆಯಲ್ಲೇ ಇಟ್ಟು, ಸುತ್ತಿನ ಹೊರಗೆ ಕೂತು ಕೇಳಿ. ಓಲ್ಡ್ ಟೈಮ್ ಸುತ್ತೋ ಬ್ಲೂಗ್ರಾಸ್ ಸುತ್ತೋ ಅಂತ ನೋಡಿಕೊಳ್ಳಿ. ಓಲ್ಡ್ ಟೈಮ್ ಆದರೆ ಮೆತ್ತಗೆ ಎಲ್ಲರ ಜೊತೆ ಸೇರಬಹುದು. ಒಬ್ಬರು ಕಾಲೆತ್ತಿದರೆ ಅದು ಕೊನೆಯ ಸುತ್ತು ಅಂತ ಅರ್ಥ. ಬ್ಲೂಗ್ರಾಸ್ ಆದರೆ ಸರದಿ ಬರುತ್ತದೆ. ನುಡಿಸಲು ಆಗದಿದ್ದರೆ ಇಲ್ಲ ಅಂತ ತಲೆ ಅಲ್ಲಾಡಿಸಿ, ಪಕ್ಕದವರು ಎತ್ತಿಕೊಳ್ಳುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮುಗಿದ ಮೇಲೆ ಹಿರಿಯರೊಬ್ಬರನ್ನು ಹಿಡಿದು, ಆ ಧಾಟಿ ಯಾರಿಂದ ಕಲಿತಿರಿ ಅಂತ ಕೇಳಿ. ಮನೆಗೆ ಹೊರಡುವುದು ತಡವಾಗುತ್ತದೆ, ಅದಕ್ಕೆ ತಯಾರಾಗಿಯೇ ಹೋಗಿ.